ಕಾಕಾನ ಕಾರು, ನನ್ನ ಕಾರು

ನೌಬಾದದ ನಮ್ಮ ಮನೆಯಂಗಳದಲ್ಲಿ ಎರಡು ಕಾರುಗಳಿವೆ. ಕಾಕಾನದು 1974ರ ಅಂಬಾಸಿಡರ್. ನನ್ನದು ಕಂತು ಇನ್ನೂ ತೀರದ ಸಣ್ಣ ಕಾರು. ಅಂಬಾಸಿಡರ್ ಕಟ್ಟೆಯ ಮೇಲಿನ ಹಿರಿಯರಂತೆ ತಲೆಬಾಗಿಲ ಮುಂದೆ ಜಾಗ ಹಿಡಿದಿದೆ. ನನ್ನದು ಬೇವಿನ ಗಿಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ.

ನನ್ನ ಕಾರು ಗಿಡ್ಡವಾದದ್ದು ತೆರಿಗೆಯ ದೆಸೆಯಿಂದ. ಉದ್ದ 4 ಮೀಟರ್, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟದಿದ್ದರೆ ನಮ್ಮ ದೇಶದಲ್ಲಿ ತೆರಿಗೆ ಕಡಿಮೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರಿಗೆ 4.3 ಮೀಟರ್ ಉದ್ದ, 1489 ಸಿಸಿ ಎಂಜಿನ್. ಅದನ್ನು ಮಾಡಿದವರು ತೆರಿಗೆ ಬಿಟ್ಟು ಬೀಗರ ಲೆಕ್ಕ ಹಾಕಿದ್ದಿರಬೇಕು. ಮುಂದಿನ ಸೀಟು ಆ ಬಾಗಿಲಿನಿಂದ ಈ ಬಾಗಿಲಿಗೆ ಒಂದೇ. ಗೇರು ಸ್ಟೇರಿಂಗಿನ ಕೊರಳಲ್ಲಿರುವುದರಿಂದ ನಡುವೆ ಇನ್ನೊಬ್ಬರಿಗೆ ಜಾಗ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೊರಟಾಗ ಕಾಕಾ ತಲೆ ಎಣಿಸುವುದಿಲ್ಲ, “ಬಾಗಿಲ ಮುಚ್ಚತೇನು?” ಎಂದಷ್ಟೇ ಕೇಳುತ್ತಾನೆ.

ನನ್ನ ಕಾರು ಎಣಿಸುತ್ತದೆ. ಪಕ್ಕದ ಸೀಟಿನಲ್ಲಿ ಜೋಳದ ಹಿಟ್ಟಿನ ಚೀಲವಿಟ್ಟರೆ, ಅದೂ ಬೆಲ್ಟ್ ಹಾಕಿಕೊಳ್ಳಲಿ ಎಂದು ಟಿಣ್ ಟಿಣ್ ಗಂಟೆ ಬಾರಿಸುತ್ತದೆ. ಹಿಂದೆ ಕೂತ ಕಾಕು, “ಯಾರಿಗಿ ಬೈಲತ್ತದ ಅದು?” ಎನ್ನುತ್ತಾಳೆ.

ಕಾಕಾನ ಕಾರಿಗೆ ಗಂಟೆಯಿಲ್ಲ. ಅದರ ಪರವಾಗಿ ಕಾಕಾನೇ ಕೂಗಬೇಕು. ಚಳಿಗಾಲದ ಬೆಳಿಗ್ಗೆ ಹಳೆಯ ಬ್ಯಾಟರಿ ಸೋತರೆ, “ಧಕ್ಕಾ ಹೊಡಿ ಬರ್ರೋ!” ಎಂಬ ಕೂಗಿಗೆ ಓಣಿಯೇ ಓಡಿ ಬರುತ್ತದೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಅಕ್ಕಪಕ್ಕ ನಿಂತು ಡಿಕ್ಕಿಗೆ ಕೈ ಹಚ್ಚುತ್ತಾರೆ. ಆಮೇಲೆ ಎಲ್ಲರಿಗೂ ಚಹಾ. ನನ್ನದು ಗುಂಡಿ ಒತ್ತಿದರೆ ಹೊರಡುತ್ತದೆ. ಪಕ್ಕದ ಮನೆಗೂ ತಿಳಿಯುವುದಿಲ್ಲ.

2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಾಗ, ನಾನು ಮಾರಿಬಿಡೋಣ ಎಂದೆ. ಕಾಕಾ ಅಂದ: “ನೌಬಾದದಾಗ ಬಹಮನಿ ಸುಲ್ತಾನರ ಕಾಲದ ಕರೇಜ್ ಅದ. ಐದುನೂರು ವರ್ಷದ ಸುರಂಗ ಬಾವಿ ಇದ್ದ ಊರಾಗ ನಿನ್ನೆ ಮೊನ್ನಿ ಕಾರಿಗಿ ಹಳೀದು ಅಂದ್ರ ಮಂದಿ ನಗ್ತಾರ!”

50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಕಾಕಾ ಹಿಗ್ಗಿ ಮೀಸೆ ತಿರುವಿದ. ಮುಂದೆ ಓದಿ ಹೇಳಿದೆ: ಅಂಥ ಕಾರು ರಸ್ತೆಗಿಳಿಯಬಹುದಾದದ್ದು ರ್‍ಯಾಲಿ, ಪ್ರದರ್ಶನದಂಥವಕ್ಕೆ, ಇಲ್ಲವೇ ಪೆಟ್ರೋಲ್ ಹಾಕಿಸಲು, ರಿಪೇರಿಗೆ. ಕಾಕಾನ ಮುಖ ಇಳಿಯಿತು. “ಜಾತ್ರಿಗಿಲ್ಲ, ಬೀಗರ ಮನಿಗಿಲ್ಲ. ಹಂಗಾದ್ರ ಅದು ಕಾರೇನಪ್ಪ?” ಎಂದು ಎದ್ದು ಹೋದ.

ಮೈಲೇಜು, ಎಸಿ, ಏರ್‌ಬ್ಯಾಗು ಬೇಕೆನ್ನುವವರು ಹೊಸದನ್ನೇ ಕೊಳ್ಳಿ. ಭಾಲ್ಕಿಗೋ ಔರಾದಿಗೋ ಸುಖವಾಗಿ ಹೋಗಿಬನ್ನಿ. ಹಳೆಯ ಅಂಬಾಸಿಡರೇ ಬೇಕೆಂಬ ಹಟವಿದ್ದರೆ, ಬಾನೆಟ್ ಎತ್ತಿ ನೋಡುವ ಮೊದಲು ಓಣಿಯ ಮಂದಿಯೊಡನೆ ನಿಮ್ಮದು ಹೇಗಿದೆಯೆಂದು ನೋಡಿಕೊಳ್ಳಿ.