ಹಡಗಿನಲ್ಲಿ ಆಗ್ನೇಯ ಮೂಲೆ ಯಾವುದು?

ಪ್ರತಿ ವಂಶದಲ್ಲೂ ರೂಮು ನೋಡುವವರು ಒಬ್ಬರಿರುತ್ತಾರೆ. ಹೆಣ್ಣು ನೋಡಲು, ಸೈಟು ನೋಡಲು, ಹಸು ನೋಡಲು ಯಾರು ಬೇಕಾದರೂ ಹೋಗಬಹುದು. ರೂಮು ಮಾತ್ರ ಅವರೇ ನೋಡಬೇಕು. ಮದುವೆಗೆ ಬಂದರೆ ಧಾರೆ ಯಾವಾಗ ಆಯಿತೆಂದು ಅವರಿಗೆ ಗೊತ್ತಿರುವುದಿಲ್ಲ. ಯಾವ ನೆಂಟರು ಯಾವ ರೂಮಿನಲ್ಲಿ ಇಳಿದಿದ್ದಾರೆ, ಯಾರ ಗೀಸರ್ ಕೆಟ್ಟಿದೆ, ಯಾರು ಬೀಗ ಹಾಕದೆ ಊಟಕ್ಕೆ ಹೋದರು ಎಂಬುದೆಲ್ಲ ಗೊತ್ತಿರುತ್ತದೆ. ನಂಜನಗೂಡಿನ ನಮ್ಮ ಮನೆಯಲ್ಲಿ ಈ ಹುದ್ದೆ ಚಿಕ್ಕಪ್ಪನವರದು. ಸರ್ಕಾರಿ ಕೆಲಸದಿಂದ ಅವರು ನಿವೃತ್ತರಾಗಿ ಬಹಳ ಕಾಲವಾಯಿತು. ಈ ಕೆಲಸದಿಂದ ಅವರನ್ನು ನಿವೃತ್ತಿಗೊಳಿಸುವ ಧೈರ್ಯ ಯಾರಿಗೂ ಬಂದಿಲ್ಲ.

ರೂಮು ನೋಡುವುದಕ್ಕೂ ಒಂದು ಕ್ರಮವಿದೆ. ಪೊಲೀಸರು ಮಹಜರು ನಡೆಸುವ ಹಾಗೆ ಚಿಕ್ಕಪ್ಪ ಮೊದಲು ಹೊಸ್ತಿಲಲ್ಲೇ ನಿಂತು ಮೂಗರಳಿಸಿ ವಾಸನೆ ಹಿಡಿಯುತ್ತಾರೆ. ಬಚ್ಚಲಿಗೆ ನುಗ್ಗಿ ನಲ್ಲಿ ತಿರುಗಿಸುತ್ತಾರೆ. ನೀರು ಧಾರಾಳವಾಗಿ ಬಂದರೂ ‘ಫೋರ್ಸ್ ಇಲ್ಲ’ ಎನ್ನುತ್ತಾರೆ. ಫ್ಯಾನನ್ನು ಐದಕ್ಕಿಟ್ಟು ಕೆಳಗೆ ನಿಲ್ಲುತ್ತಾರೆ. ಮಂಚದ ಮೇಲೆ ಕೂತು ಎರಡು ಸಲ ಕುಪ್ಪಳಿಸುತ್ತಾರೆ. ಕೊನೆಗೆ ರೂಮ್ ಬಾಯ್ ಕಡೆ ತಿರುಗಿ, ‘ಬೇರೆ ತೋರಿಸಪ್ಪ’ ಎನ್ನುತ್ತಾರೆ. ಇನ್ನೂ ನಾಲ್ಕು ರೂಮು ನೋಡಿ, ಮೊದಲು ನೋಡಿದ್ದನ್ನೇ ತೆಗೆದುಕೊಳ್ಳುತ್ತಾರೆ. ಅಷ್ಟು ಹೊತ್ತು ಹೆಂಗಸರು, ಮಕ್ಕಳು, ಲಗೇಜು ಎಲ್ಲ ಬೀದಿಯಲ್ಲಿ.

ಅವರ ನಿಜವಾದ ಪ್ರತಾಪ ನೋಡಬೇಕಾದರೆ ದೊಡ್ಡ ಜಾತ್ರೆಗೆ ಬರಬೇಕು. ಗೌತಮ ಪಂಚಮಹಾರಥೋತ್ಸವದ ದಿನ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರು ಹೊರಡುತ್ತವೆ. ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ದಿನದಲ್ಲೂ ಪರಊರಿನ ನೆಂಟರಿಗೆ ರಥಬೀದಿಗೆ ಮುಖ ಮಾಡಿದ ಮಹಡಿ ರೂಮು ಕೊಡಿಸಬಲ್ಲವರು ಚಿಕ್ಕಪ್ಪ. ಶ್ರೀಕಂಠೇಶ್ವರನ ಗೌತಮ ರಥ ಮೂಗಿನ ಮುಂದೆಯೇ ಹಾಯಬೇಕು, ಹಣ್ಣು ಜವನ ನಿಂತಲ್ಲಿಂದಲೇ ಎಸೆಯುವಂತಿರಬೇಕು. ಬಾಲ್ಕನಿ ಎಂದರೆ ಅವರ ಪಾಲಿಗೆ ಅದು.

ಇಂಥವರ ಕೈಗೆ ಹಡಗು ಸಿಕ್ಕಿತು.

ಬೆಂಗಳೂರಿನಲ್ಲಿರುವ ಅವರ ಮಗನಿಗೆ, ಅಪ್ಪ ಅಮ್ಮನನ್ನೂ ಟಿ. ನರಸೀಪುರದ ಅತ್ತೆ ಮಾವನನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸುವ ಆಸೆ ಹುಟ್ಟಿತು. ಮುಂಬೈಯಿಂದ ಗೋವಾಕ್ಕೂ ಲಕ್ಷದ್ವೀಪಕ್ಕೂ 2021ರಿಂದ ಕಾರ್ಡೀಲಿಯಾ ಹಡಗು ಓಡಾಡತೊಡಗಿದೆಯಲ್ಲ, ಅದರಲ್ಲಿ. ‘ರೂಮು ನೀವೇ ಆರಿಸಿ ಅಪ್ಪ’ ಎಂದು ಅವನು ಬಾಯಿತಪ್ಪಿ ಹೇಳಿದ. ಮಗನ ವಿದ್ಯೆ ಬುದ್ಧಿಯ ಬಗ್ಗೆ ನನಗಿದ್ದ ಗೌರವ ಅಂದೇ ಸ್ವಲ್ಪ ಇಳಿಯಿತು.

ಚಿಕ್ಕಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹಡಗಿನ ಅಷ್ಟೂ ಅಂತಸ್ತಿನ ನಕ್ಷೆ ದೊಡ್ಡದಾಗಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಹಜಾರದಲ್ಲಿ ಹಾಸಿದರು. ಮೊದಲ ತಕರಾರು ಹಡಗಿನ ವಯಸ್ಸಿನದು. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಓಡಾಟ ಶುರುಮಾಡಿದ್ದು. ‘ಮೂವತ್ತು ದಾಟಿದ ಹಡಗು, ನೀರೊಳಗೆ!’ ಎಂದು ಹುಬ್ಬೇರಿಸಿದರು. ಚಿಕ್ಕಮ್ಮ ಹಪ್ಪಳ ಒಣಗಿಸುತ್ತಲೇ, ‘ಕಪಿಲಾ ಸೇತುವೆ ಕಟ್ಟಿದ್ದು 1735ರಲ್ಲಿ. ಅದರ ಮೇಲೆ ಬಸ್ಸೂ ರೈಲೂ ಎರಡೂ ಓಡಾಡಿದಾಗ ಇಲ್ಲದ ಭಯ ಈಗ್ಯಾಕೆ?’ ಎಂದರು. ಆ ತಕರಾರು ಅಲ್ಲಿಗೆ ಮುಗಿಯಿತು.

ಎರಡನೆಯದು ಬಾಡಿಗೆಯದು. ಛತ್ರದಲ್ಲಿ ಬಾಡಿಗೆ ರೂಮಿಗೆ. ಒಳಗೆ ಎಷ್ಟು ಚಾಪೆ ಹಾಸುತ್ತೀರಿ ಎಂಬುದು ನಿಮ್ಮ ಸಾಮರ್ಥ್ಯ. ಹಡಗಿನಲ್ಲಿ ತಲೆಗೆ ಇಷ್ಟೆಂದು ಲೆಕ್ಕ, ಅದೂ ಒಂದು ರೂಮಿಗೆ ಇಬ್ಬರು ಎಂದು ಹಿಡಿದು. ಮೂರನೆಯವರೂ ನಾಲ್ಕನೆಯವರೂ ಬಂದರೆ ಅವರಿಗೆ ದರ ಕಡಿಮೆ, ಆದರೆ ಮಲಗುವ ಜಾಗ ಗೋಡೆಯಿಂದ ಬಿಚ್ಚಿಕೊಳ್ಳುವ ಮೇಲಿನ ಬರ್ತು. ಇದರ ಮೇಲೆ ಬಂದರಿನ ಶುಲ್ಕ, ಜಿಎಸ್‌ಟಿ, ಟಿಪ್ಸು. ‘ಐದನೆಯವರು ಕೆಳಗೆ ಜಮಖಾನ ಹಾಸ್ಕೊಂಡು ಮಲಗ್ತಾರೆ, ನಾನೇ ಮಲಗ್ತೀನಿ’ ಎಂದು ಚಿಕ್ಕಪ್ಪ ಫೋನಿನಲ್ಲಿ ಏಜೆಂಟಿನ ಜೊತೆ ವಾದಿಸಿದರು. ಹಡಗಿನಲ್ಲಿ ಇಂತಿಷ್ಟೇ ಜನ ಎಂಬ ಲೆಕ್ಕ ಲೈಫ್ ಬೋಟಿನ ಸೀಟಿನವರೆಗೂ ಹೋಗುತ್ತದೆ, ಜಮಖಾನಕ್ಕೆ ಅಲ್ಲಿ ಸೀಟಿಲ್ಲ ಎಂದು ಆ ಹುಡುಗ ಸಮಾಧಾನದಿಂದ ಹೇಳಿದ. ಅವನಿಗೆ ದೇವರು ಒಳ್ಳೆಯದು ಮಾಡಲಿ.

ಆಮೇಲೆ ವಾಸ್ತು. ಬಾಗಿಲು ಪೂರ್ವಕ್ಕಿರಬೇಕು, ಉತ್ತರಕ್ಕೆ ತಲೆ ಹಾಕಿ ಮಲಗಬಾರದು, ಅಡುಗೆ ಆಗ್ನೇಯದಲ್ಲಾಗಬೇಕು. ನಕ್ಷೆಯಲ್ಲಿ ದಿಕ್ಕಿನ ಗುರುತೇ ಇರಲಿಲ್ಲ. ‘ಎಂಥಾ ಇಂಜಿನಿಯರು!’ ಎಂದು ಗೊಣಗಿ, ಏಜೆಂಟಿಗೆ ಮತ್ತೆ ಫೋನು. ‘ಸಾರ್, ಹಡಗು ಮುಂಬೈಯಿಂದ ದಕ್ಷಿಣಕ್ಕೆ ಹೋಗ್ತಾ ನಿಮ್ಮ ರೂಮು ಪೂರ್ವಕ್ಕಿದ್ದರೆ, ವಾಪಸ್ ಬರ್ತಾ ಅದೇ ರೂಮು ಪಶ್ಚಿಮಕ್ಕಿರುತ್ತೆ.’ ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದರು. ನಂತರ ದಿಂಬನ್ನು ಯಾವ ಗಂಟೆಗೆ ಯಾವ ಕಡೆಗೆ ಬದಲಾಯಿಸಬೇಕೆಂದು ಪಂಚಾಂಗದ ಹಿಂಬದಿಯಲ್ಲಿ ಪಟ್ಟಿ ಬರೆಯತೊಡಗಿದರು.

ಬಾಲ್ಕನಿ ವಿಷಯ ಇನ್ನೂ ಬೇಗ ಇತ್ಯರ್ಥವಾಯಿತು. ಒಳಗಿನ ರೂಮಿಗೆ ಕಿಟಕಿಯೇ ಇಲ್ಲ, ದೀಪ ಆರಿಸಿದರೆ ಹಗಲು ರಾತ್ರಿ ಒಂದೇ. ಅದಕ್ಕಿಂತ ಮೇಲು ಕಿಟಕಿಯ ರೂಮು, ಅದಕ್ಕೂ ಮೇಲು ಬಾಲ್ಕನಿ. ದರವೂ ಹಾಗೇ ಮೆಟ್ಟಿಲೇರುತ್ತದೆ. ‘ಬಾಲ್ಕನಿ ಮುಂದೆ ಏನು ಹಾಯುತ್ತೆ?’ ಎಂದು ಕೇಳಿದರು. ‘ಏನೂ ಇಲ್ಲ ಸಾರ್, ಬರೀ ಸಮುದ್ರ.’ ‘ತೇರಿಲ್ಲ ಅಂದಮೇಲೆ ಇಷ್ಟೊಂದು ದುಡ್ಡು ಯಾಕ್ರೀ?’ ಕಿಟಕಿಯ ರೂಮಿನಲ್ಲೂ ಒಂದು ಮೋಸ ಪತ್ತೆ ಮಾಡಿದರು: ಕೆಲವು ಕಿಟಕಿಗಳ ಮುಂದೆ ಲೈಫ್ ಬೋಟು ನೇತಾಡುತ್ತಿರುತ್ತದೆ, ಕಾಣುವುದು ಕಿತ್ತಳೆ ಬಣ್ಣದ ಅದರ ಹೊಟ್ಟೆ ಮಾತ್ರ. ಈಜುಕೊಳದ ಕೆಳಗಿನ ರೂಮಿಗೆ ಬೆಳಗಿನ ಜಾವವೇ ಕುರ್ಚಿ ಎಳೆದಾಡುವ ಸದ್ದು, ನಾಟಕಶಾಲೆಯ ಮೇಲಿನ ರೂಮಿಗೆ ನಡುರಾತ್ರಿಯ ತನಕ ಡೋಲು. ಇಷ್ಟನ್ನೂ ನಕ್ಷೆಯ ಮೇಲೆ ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು. ನಕ್ಕವರು ನಕ್ಕರು; ಈ ಒಂದು ವಿಷಯದಲ್ಲಿ ಅವರ ಕೆಲಸ ಅಪ್ಪಟ ಚಿನ್ನ ಎಂದು ನಾನು ಒಪ್ಪುತ್ತೇನೆ.

ಇನ್ನು ಬೀಗರು. ನಂಜನಗೂಡಿಗೂ ನರಸೀಪುರಕ್ಕೂ ಇರುವ ಸಂಬಂಧ ಕಪಿಲೆಯದು. ನಮ್ಮಲ್ಲಿ ಹರಿದ ನೀರು ಅಲ್ಲಿಗೆ ಹೋಗಿ ಕಾವೇರಿಗೆ ಸೇರುತ್ತದೆ. ‘ನಾವು ಮಿಂದು ಬಿಟ್ಟ ನೀರಲ್ಲೇ ನೀವು ಕುಂಭಮೇಳ ಮಾಡೋದು’ ಎಂದು ಚಿಕ್ಕಪ್ಪ 1989ರಿಂದಲೂ, ಅಂದರೆ ಆ ಮೇಳ ಶುರುವಾದಾಗಿನಿಂದಲೂ, ಹೇಳುತ್ತ ಬಂದಿದ್ದಾರೆ. ‘ನಿಮ್ಮ ಹೊಳೆ ಹೆಸರು ಕಳ್ಕಳದು ನಮ್ಮೂರಲ್ಲಿ ಕನ ಬೀಗ್ರೇ’ ಎಂದು ಅವರ ಉತ್ತರ. ‘ನಿಮ್ಮೂರಿಗೆ ರೈಲಿಲ್ಲ’ ಎಂದು ಇವರು. ಅವರೂರಿನ ಗುಂಜಾ ನರಸಿಂಹಸ್ವಾಮಿಯೂ ನಮ್ಮೂರಿನ ಶ್ರೀಕಂಠೇಶ್ವರನೂ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದಾರೆ.

ಬೀಗರು ಹಜಾರದಲ್ಲಿ ಹಾಸಿದ್ದ ನಕ್ಷೆಯನ್ನು ನೋಡಿದರು. ಸಂಗಮದಲ್ಲಿ ಹರಿಗೋಲು ಹತ್ತಿ ಬೆಳೆದ ಮನುಷ್ಯ. ಕಾಫಿ ಲೋಟ ಕೆಳಗಿಟ್ಟು, ‘ಮ್ಯಾಕ್ಕೋದಷ್ಟೂ ಓಲಾಡ್ತದ. ತಳದಲ್ಲಿ, ನಡೂಕ ಇದ್ರ ನೀರು ಅಲ್ಲಾಡದೇ ಗೊತ್ತಾಗಲ್ಲ’ ಎಂದರು. ಹಡಗು ಬಲ್ಲವರೆಲ್ಲ ಹೇಳುವುದೂ ಇದನ್ನೇ. ಮುಂದಿನ ತುದಿಯೂ ಹಿಂದಿನ ತುದಿಯೂ ಅಲೆಗೆ ಏರಿ ಇಳಿಯುತ್ತವೆ, ಮೇಲಂತಸ್ತು ಅಡ್ಡಡ್ಡ ತೂಗುತ್ತದೆ. ನಡುವಿನಲ್ಲಿ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಎಲ್ಲಕ್ಕಿಂತ ಕಡಿಮೆ. ವಯಸ್ಸಾದವರಿಗೆ, ವಾಂತಿಯ ಭಯ ಇರುವವರಿಗೆ ಅದೇ ಸರಿಯಾದ ಜಾಗ, ದರವೂ ಅಲ್ಲೇ ಹಗುರ. ಲಿಫ್ಟಿಗೂ ದೂರವಿರುವುದಿಲ್ಲ.

ಆದರೆ ಹೇಳಿದವರು ಬೀಗರು. ಹಾಗಾಗಿ ಚಿಕ್ಕಪ್ಪ ಒಂದು ವಾರ ತುದಿಯ ರೂಮನ್ನೇ ಹಿಡಿದು ಕೂತರು. ಅಷ್ಟರಲ್ಲಿ ದರ ಏರಿತು. ಕೊನೆಗೆ, ‘ನಾನು ಮೊದಲಿಂದಲೂ ನಡುವಿನದ್ದೇ ಅಂತಿದ್ದೆ’ ಎಂದು ಘೋಷಿಸಿ, ಕೆಳಗಿನ ಅಂತಸ್ತಿನಲ್ಲಿ ಎದುರುಬದುರಿನ ರೂಮುಗಳಿಗೆ ಒಪ್ಪಿದರು. ಬೀಗರಿಗೆ ಕಿಟಕಿ ಇಲ್ಲದ ರೂಮು ಕೊಟ್ಟರೆ ಮರ್ಯಾದೆ ಹೋಗುತ್ತದೆಂದು ಕಿಟಕಿಯದು ಅವರಿಗೆ, ಎದುರಿನ ಕತ್ತಲ ರೂಮು ತಮಗೆ. ಇದು ಗೊತ್ತಾಗಿ ಬೀಗರು, ‘ನಾವೇ ಕತ್ತಲಲ್ಲಿ ಇರ್ತೀವಿ, ನಿಮಗೆ ಕಿಟಕಿ ಇರ್ಲಿ’ ಎಂದು ಫೋನು ಮಾಡಿದರು. ಮರ್ಯಾದೆಯ ಈ ಎಳೆದಾಟ ಎರಡು ದಿನ ನಡೆಯಿತು. ಮಗ ಬೇಸತ್ತು ಎರಡನ್ನೂ ಕಿಟಕಿಯದೇ ಮಾಡಿಸಿ ಹೆಚ್ಚಿನ ಹಣ ಕಟ್ಟಿದ.

ಹೊರಡುವ ಮುನ್ನ ಚಿಕ್ಕಪ್ಪನಿಗೆ ಇನ್ನೊಂದು ಆಘಾತ: ರೂಮಿನಲ್ಲಿ ಬೆಂಕಿ ತಾಗಿಸುವಂತಿಲ್ಲ, ಊದುಬತ್ತಿ ಕೂಡ ಹಚ್ಚುವಂತಿಲ್ಲ. ವಿಭೂತಿ ಗಟ್ಟಿಯೊಂದಕ್ಕೆ ಅಡ್ಡಿಯಿಲ್ಲವೆಂದು ತಿಳಿದು ಚೀಲ ಕಟ್ಟಿದರು.

ನಿಮ್ಮ ಮನೆಯಲ್ಲೂ ಇಂಥ ಚಿಕ್ಕಪ್ಪ ಇದ್ದರೆ ನಕ್ಷೆ ಅವರ ಕೈಗೇ ಕೊಡಿ. ಲೈಫ್ ಬೋಟಿನ ಹೊಟ್ಟೆ, ಈಜುಕೊಳದ ಸದ್ದು ಅವರ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಆದರೆ ಹಣ ಕಟ್ಟುವ ಕೊನೆಯ ದಿನಾಂಕವನ್ನು ಹತ್ತು ದಿನ ಹಿಂದಕ್ಕೆ ತಂದು ಹೇಳಿ. ಬೀಗರ ಸಲಹೆ ಏನೇ ಇರಲಿ, ಅದನ್ನು ಏಜೆಂಟಿನ ಬಾಯಲ್ಲಿ ಹೇಳಿಸಿ.