ಮಾರಾಟ ಗುರುವಿನ ಆಯ್ಕೆ: ತಿಮ್ಮಾಪುರ ಸೀಮೆಗೆ ಅನ್ವಯಿಸಿ ಒಂದು ಶಾಸ್ತ್ರೀಯ ವಿವೇಚನೆ

ಮಾಲು ನೋಡಲು ಬಂದವರನ್ನು ಮಾಲು ಕೊಂಡವರನ್ನಾಗಿ ಮಾಡುವ ವಿದ್ಯೆಯನ್ನು, ಆ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿರುವವರಿಗೇ ಹಣ ಪಡೆದು ಕಲಿಸುವವನು ಮಾರಾಟ ತರಬೇತುದಾರ. ಕಲಿಯುವವರ ಸಮೂಹಕ್ಕೆ ‘ತಂಡ’ ಎಂದು ಹೆಸರು. ಮುಧೋಳ ತಾಲ್ಲೂಕಿನ ತಿಮ್ಮಾಪುರ ಸೀಮೆಯ ಬಟ್ಟೆ ಅಂಗಡಿಯಲ್ಲಿ ತಂಡಕ್ಕೆ ನಾಲ್ಕು ಅಂಗಗಳು: ಗಲ್ಲಾದ ಮೇಲೆ ಕೂತ ಸಾಹುಕಾರರು, ಅವರ ತಮ್ಮ, ಸೀರೆ ಬಿಚ್ಚುವ ಹುಡುಗ, ಬಿಚ್ಚಿದ್ದನ್ನು ಮಡಚುವ ಹುಡುಗ. ಯಾವ ಸೀರೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ನಾಲ್ಕನೆಯ ಅಂಗಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಅವನನ್ನು ಕೇಳುವ ಸಂಪ್ರದಾಯ ಮಾತ್ರ ಇಲ್ಲ.

ಈ ಶಾಸ್ತ್ರದ ಪ್ರಾಚೀನತೆಗೆ ಆಧಾರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘವು 18 ಪಟ್ಟಣ, 32 ವೇಳಾಪುರ, 64 ಘಟಿಕಾಸ್ಥಾನಗಳನ್ನು ಎಣಿಸಿ ತನ್ನನ್ನು ತಾನೇ ಶಾಸನಗಳಲ್ಲಿ ಹೊಗಳಿಕೊಂಡಿತು. ಇಂದಿನ ತರಬೇತುದಾರನ ಪರಿಚಯಪತ್ರ ಆ ಪ್ರಶಸ್ತಿಯ ನೇರ ಸಂತತಿ. ವ್ಯತ್ಯಾಸವಿಷ್ಟೇ: ಐನೂರ್ವರು ಜೊತೆಗೆ ಮಾಲನ್ನೂ ಒಯ್ಯುತ್ತಿದ್ದರು. ಇನ್ನು ಮುಧೋಳದ ರನ್ನ ಬಳೆಗಾರರ ಮನೆತನದವನು. ಬಳೆಗಾರನಿಗೆ ಕೈ ಹಿಡಿದ ಕೂಡಲೇ ಅಳತೆ ತಿಳಿಯಬೇಕು. ತೊಡಿಸುವಾಗ ಒಡೆದರೆ ಲುಕ್ಸಾನು ಅವನದೇ. ರನ್ನ ಆ ಮನೆಯಿಂದ ಹೊರಟು ಕವಿಚಕ್ರವರ್ತಿಯಾದದ್ದನ್ನು ತೋರಿಸಿ, ವ್ಯಾಪಾರ ಬಿಟ್ಟವನೂ ವ್ಯಾಪಾರದ ಮಾತಾಡಿ ಬದುಕಬಹುದು ಎಂದು ಕೆಲವು ತರಬೇತುದಾರರು ವಾದಿಸಬಹುದು. ವಾದ ನಿಲ್ಲುವುದಿಲ್ಲ. ರನ್ನ ಹಾಡಿದ್ದು ಗದೆಯನ್ನು, ಬಳೆಯನ್ನಲ್ಲ.

ತರಬೇತುದಾರರಲ್ಲಿ ಮುಖ್ಯವಾಗಿ ಎರಡು ಪ್ರಭೇದಗಳು. ಚಪ್ಪಾಳೆ ಪ್ರಭೇದವು ತಂಡವನ್ನು ಎದ್ದು ನಿಲ್ಲಿಸಿ ಕೂಗಿಸುತ್ತದೆ. ಇದರ ಪರಿಣಾಮ ಮಧ್ಯಾಹ್ನದ ಊಟದವರೆಗೆ ಇರುತ್ತದೆ. ಪರದೆ ಪ್ರಭೇದವು ಕರೆಂಟು ಇರುವವರೆಗೆ ಜೀವಂತವಾಗಿರುತ್ತದೆ.

ಪರದೆಯ ಮೇಲೆ ತಪ್ಪದೆ ಕಾಣುವ ಸೂತ್ರವೊಂದಿದೆ. ಗಮನ, ಆಸಕ್ತಿ, ಆಸೆ, ಕ್ರಿಯೆ ಎಂಬ ಈ ನಾಲ್ಕು ಮೆಟ್ಟಿಲುಗಳನ್ನು ಅಮೆರಿಕದ ಜಾಹೀರಾತು ಪಂಡಿತ ಎಲಿಯಾಸ್ ಸೇಂಟ್ ಎಲ್ಮೊ ಲೂಯಿಸ್‌ನ ಹೆಸರಿಗೆ ಹಚ್ಚುವುದು ವಾಡಿಕೆ. ಮದುವೆಗೆ ಬಟ್ಟೆ ಕೊಳ್ಳುವ ಬಸ್ತಾ ಎಂಬ ವಿದ್ಯಮಾನ ಲೂಯಿಸ್‌ನ ಗಮನಕ್ಕೆ ಬಂದಂತಿಲ್ಲ. ಬಸ್ತಾಕ್ಕೆ ಗಿರಾಕಿ ಒಬ್ಬರೇ ಬರುವುದಿಲ್ಲ; ಎರಡು ಮನೆತನಗಳು ಟ್ರ್ಯಾಕ್ಸ್ ಮಾಡಿಕೊಂಡು ಬರುತ್ತವೆ. ಗಮನವೆಲ್ಲ ವಧುವಿನದು, ಆಸಕ್ತಿ ಚಿಕ್ಕಮ್ಮಂದಿರದು, ಆಸೆ ಸೋದರತ್ತೆಯದು. ರೊಕ್ಕದ ಗಂಟು ಗಾದಿಯ ಅಂಚಿನಲ್ಲಿ ಕೂತು ಚಹಾ ಬೇಡವೆಂದ ಅಜ್ಜಿಯ ಬಳಿ. ಹುಡುಗ ನಲವತ್ತನೆಯ ಸೀರೆ ಬಿಚ್ಚಿ “ಯವ್ವಾ, ಇದು ಭಾಳ ಒಪ್ಪತೈತ್ರಿ” ಎಂದಾಗ ಅಜ್ಜಿ “ಛಲೋ ಐತಿ, ತಗದಿಡು. ನಾಳಿ ಬರ್ತೀವಿ” ಎನ್ನುತ್ತಾಳೆ. ಶಾಸ್ತ್ರದ ಪ್ರಕಾರ ಇದು ಕ್ರಿಯೆಯೋ, ಆಸಕ್ತಿಯೋ, ಅಂಗಡಿ ಬಿಟ್ಟು ಹೋಗುವ ಸಭ್ಯ ವಿಧಾನವೋ? ಇದಕ್ಕೆ ತಡವರಿಸದೆ ಉತ್ತರ ಹೇಳುವ ಅಭ್ಯರ್ಥಿಯನ್ನು ಮುಂದಿನ ಪರೀಕ್ಷೆಗೆ ಕರೆಯಬಹುದು.

ಮುಂದಿನ ಪರೀಕ್ಷೆ ಕೈಯದು. ಅಭ್ಯರ್ಥಿಯ ಮುಂದೆ ಒಂದು ಇಳಕಲ್ ಸೀರೆ, ಒಂದು ಬನಹಟ್ಟಿಯ ಪವರ್‌ಲೂಮ್ ಸೀರೆ ಇಡಬೇಕು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕೊಂಡಿ ಹಾಕಿ ಒಂದೊಂದಾಗಿ ಜೋಡಿಸಿರುತ್ತಾರೆ. ಬಲ್ಲವರು ಬೆಲೆಚೀಟಿ ನೋಡುವ ಮೊದಲು ಆ ಕೂಡುಜಾಗವನ್ನು ಹುಡುಕುತ್ತಾರೆ. ಬೆಲೆಚೀಟಿಯನ್ನು ಮೊದಲು ಹುಡುಕಿದ ಅಭ್ಯರ್ಥಿಗೆ ಚಹಾ ಕೊಟ್ಟು ಕಳಿಸುವುದು ಲೇಸು. ಅವನಿಗಿಂತ ಅಜ್ಜಿಗೆ ಹೆಚ್ಚು ತಿಳಿದಿದೆ. ಅಜ್ಜಿ ಶುಲ್ಕ ಕೇಳುವುದಿಲ್ಲ, ಬೆಲೆಯಲ್ಲಿ ಸೂಟು ಕೇಳುತ್ತಾಳೆ ಅಷ್ಟೇ.

ತರಬೇತಿಯ ಫಲವನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತಗಳನ್ನು ಮುಂದಿಟ್ಟ: ಮೆಚ್ಚುಗೆ, ಕಲಿಕೆ, ನಡವಳಿಕೆ, ಫಲಿತಾಂಶ. ಮೊದಲ ಹಂತ ಸುಲಭ. ಉಪ್ಪಿಟ್ಟು ಬಿಸಿಯಾಗಿದ್ದರೆ ಮೆಚ್ಚುಗೆ ಬರುತ್ತದೆ. ತೊಡಕಿರುವುದು ನಾಲ್ಕನೆಯದರಲ್ಲಿ. ತಿಮ್ಮಾಪುರದ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಸುತ್ತಲಿನ ಸೀಮೆಯೆಲ್ಲ ಕಬ್ಬಿನದು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಬಿಲ್ಲು ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಬೇಕು. ಬಿಲ್ಲು ಖಾತೆಗೆ ಬಿದ್ದ ವಾರ ಮೂಕನೂ ಸೀರೆ ಮಾರಬಲ್ಲ. ಬೀಳದ ವಾರ ವಾಗ್ಮಿಗೂ ಸಿಗುವುದು ಉದ್ರಿ ಪುಸ್ತಕದಲ್ಲಿ ಇನ್ನೊಂದು ಸಾಲು. ಆದ್ದರಿಂದ ಚಾಣಾಕ್ಷ ತರಬೇತುದಾರ ತನ್ನ ಶಿಬಿರವನ್ನು ಬಿಲ್ಲಿನ ಹಿಂದಿನ ದಿನಕ್ಕೆ ಹಚ್ಚಿಕೊಳ್ಳುತ್ತಾನೆ, ಚಾಣಾಕ್ಷ ಸಾಹುಕಾರರು ಬಿಲ್ಲು ಬಾರದ ತಿಂಗಳಿಗೆ ಹಚ್ಚುತ್ತಾರೆ. ಈ ದಿನಾಂಕದ ಮಾತುಕತೆಯೇ ಅಭ್ಯರ್ಥಿಯ ನಿಜವಾದ ಸಂದರ್ಶನ.

ಉಳಿದದ್ದು ಶುಲ್ಕ. ಪೂರ್ತಿ ಮುಂಗಡ ಕೇಳುವವನಿಗೆ ಈ ಸೀಮೆ ಗೊತ್ತಿಲ್ಲ. ಪೂರ್ತಿ ಉದ್ರಿಗೆ ಒಪ್ಪುವವನಿಗೆ ಮಾರಾಟ ಗೊತ್ತಿಲ್ಲ. ಅರ್ಧ ನಗದು, ಅರ್ಧಕ್ಕೆ ಮನೆಯವರಿಗೆ ಸೀರೆ ಎಂದು ತಾನಾಗಿಯೇ ಚೌಕಾಶಿಗೆ ಇಳಿದು, ಆರಿಸಿದ ಸೀರೆಯ ಕೊಂಡಿಯನ್ನು ಬೆರಳಿನಿಂದ ತಡವಿ ನೋಡುವವನನ್ನು ನೇಮಿಸಿಕೊಳ್ಳಬಹುದು.