ತಕರಾರಿಲ್ಲದ ವಂಶವೃಕ್ಷ

ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಗೌಡರಿಗೆ ಶುಗರ್ ಬರಲಿಲ್ಲ, ಅಧ್ಯಾತ್ಮ ಬರಲಿಲ್ಲ, ಷೇರು ಮಾರುಕಟ್ಟೆಯ ಹುಚ್ಚೂ ಬರಲಿಲ್ಲ. ಮುತ್ತಜ್ಜ ಬಂದ. ಬಂದವನು ಹೋಗುವ ಲಕ್ಷಣವಿಲ್ಲ.

ಧಾರವಾಡದ ಸಪ್ತಾಪುರವಿರಲಿ, ಮೈಸೂರಿನ ಕುವೆಂಪುನಗರವಿರಲಿ, ಇಂಥ ಗೌಡರೊಬ್ಬರು ಇಲ್ಲದ ಬಡಾವಣೆಯಿಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಕಿಸೆಯಲ್ಲಿ ಭೂತಗನ್ನಡಿ. ಮದುವೆ ಮನೆಯಲ್ಲಿ ಜನ ಐಸ್‌ಕ್ರೀಮಿನ ಕಡೆ ನುಗ್ಗುವಾಗ ಇವರು ಎಂಬತ್ತು ದಾಟಿದ ಅತ್ತೆಯರ ಕಡೆ ಕುರ್ಚಿ ಎಳೆದುಕೊಂಡು ಹೋಗುತ್ತಾರೆ. ‘ನಿಮ್ಮ ಅಜ್ಜಿ ತವರಮನಿ ಯಾವುದರೀ?’ ಎನ್ನುವಷ್ಟರಲ್ಲಿ ಮೊಬೈಲಿನ ರೆಕಾರ್ಡರು ಚಾಲೂ ಆಗಿರುತ್ತದೆ. ಅತ್ತೆಯರಿಗೆ ಖುಷಿ, ಅವರ ಸೊಸೆಯಂದಿರಿಗೆ ಗಾಬರಿ: ಹಳೆಯ ಬಂಗಾರದ ಮಾತು ಎಲ್ಲಿ ಹೊರಬೀಳುತ್ತದೋ ಎಂದು.

ಗೌಡರ ವೃಕ್ಷ ಕೆಳಗೆ ಚೆನ್ನಾಗಿ ಹಬ್ಬಿದೆ. ಮೇಲೆ ಹೋದಂತೆ ಒಣಗಿದೆ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ, ಆ ಬಸಪ್ಪನ ಮಗ ಮತ್ತೆ ಮಲ್ಲಪ್ಪ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದ ಅಜ್ಜಂದಿರಿಗೆ ಎಷ್ಟು ಶಾಂತಿ ಸಿಕ್ಕಿತೋ, ಸಂಶೋಧಕನಿಗಂತೂ ಸಿಗಲಿಲ್ಲ. ಶಾಲೆಯ ದಾಖಲಾತಿ ಪುಸ್ತಕ ನೋಡೋಣವೆಂದರೆ ಅಲ್ಲಿ ತಂದೆ, ಚಿಕ್ಕಪ್ಪ, ಸೋದರತ್ತೆ ಎಲ್ಲರೂ ಹುಟ್ಟಿದ್ದು ಜೂನ್ 1ರಂದೇ. ಶಾಲೆ ಶುರುವಾಗುವ ದಿನ ಮಾಸ್ತರರ ಲೇಖನಿಯಿಂದ ಹುಟ್ಟಿದ ಪೀಳಿಗೆ ಅದು. ಜಾತಕ ತೋರಿಸಿದರೆ ಜೋಯಿಸರೇ ನಗುತ್ತಾರೆ.

ಆದ್ದರಿಂದ ಗೌಡರು ಜನಗಣತಿಗೆ ಗಂಟುಬಿದ್ದರು. ತರ್ಕ ಅಪ್ಪಟ ಬ್ಯಾಂಕಿನದು. 1881ರ ಫೆಬ್ರುವರಿ 17ರ ರಾತ್ರಿ ಬ್ರಿಟಿಷ್ ಸರ್ಕಾರ ದೇಶದುದ್ದಕ್ಕೂ ತಲೆ ಎಣಿಸಿತು. ಎಣಿಸಿದ ಮೇಲೆ ಬರೆದಿರಲೇಬೇಕು, ಬರೆದ ಮೇಲೆ ಎಲ್ಲೋ ಇಟ್ಟಿರಲೇಬೇಕು. ಹಾಗಾದರೆ ಮುತ್ತಜ್ಜನೂ ಆ ಲೆಡ್ಜರಿನಲ್ಲಿ ಇರಲೇಬೇಕು!

ಉತ್ತರವಾಗಿ ಸಿಕ್ಕಿದ್ದು 1948ರ ಜನಗಣತಿ ಕಾಯ್ದೆಯ 15ನೇ ಕಲಂ. ಗಣತಿದಾರ ಬರೆದ ಪುಸ್ತಕ, ರಿಜಿಸ್ಟರು, ನಮೂನೆ ಯಾವುದನ್ನೂ ತೆರೆದು ನೋಡುವ ಹಕ್ಕು ಯಾರಿಗೂ ಇಲ್ಲ. ಸಿವಿಲ್ ದಾವೆಯಲ್ಲಿ ಅದು ಸಾಕ್ಷ್ಯವಾಗಿಯೂ ನಡೆಯುವುದಿಲ್ಲ. ಕಾರಣ ನ್ಯಾಯವಾದದ್ದೇ. ನಾಳೆ ತೆರಿಗೆಯವರು ಬಂದಾರು, ದಾಯಾದಿ ಕೋರ್ಟಿಗೆ ಎಳೆದಾನು ಎಂಬ ಭಯವಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ? ಗೌಡರಿಗೂ ಇದು ಒಪ್ಪಿಗೆ. ಅವರ ಹೊಟ್ಟೆಯುರಿ ಬೇರೆ. ಅಮೆರಿಕದಲ್ಲಿ ಈ ಗುಟ್ಟು 72 ವರ್ಷಕ್ಕೆ ಬಯಲಾಗುತ್ತದೆ, ಕೆನಡಾದಲ್ಲಿ 92ಕ್ಕೆ, ಬ್ರಿಟನ್ನಿನಲ್ಲಿ 100ಕ್ಕೆ. ನಮ್ಮ ಕಲಮಿನಲ್ಲಿ ವರ್ಷದ ಮಾತೇ ಇಲ್ಲ. ಶಾಸನದ ದತ್ತಿಯಂತೆ ಆಚಂದ್ರಾರ್ಕ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬೀಗದ ಒಳಗೆ ಏನಿದೆ ಎಂದು ವಿಚಾರಿಸಿದಾಗ. ಬ್ರಿಟಿಷರ ಕಾಲದ ಗಣತಿಯಲ್ಲಿ ಹೆಸರಿದ್ದ ಹಾಳೆಗಳನ್ನು ಇಟ್ಟುಕೊಳ್ಳಲೇ ಇಲ್ಲ. ಕೋಷ್ಟಕ ತಯಾರಾಯಿತು, ಕಾಗದ ರದ್ದಿಗೆ ಹೋಯಿತು. ಉಳಿದದ್ದು ಬರೀ ಅಂಕಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, ಧಾತು ಸಂವತ್ಸರದ ಬರ ಕಳೆದು 1881ರಲ್ಲಿ ಎಣಿಸುವಾಗ 42 ಲಕ್ಷಕ್ಕೂ ಕೆಳಗಿಳಿದಿತ್ತು. ಎಂಟು ಲಕ್ಷ ಕಡಿಮೆಯಾದದ್ದು ಅಚ್ಚಾಗಿದೆ, ಒಬ್ಬನ ಹೆಸರೂ ಇಲ್ಲ. ಅದೇ ಬರ ಗೌಡರ ಬಿಜಾಪುರ ಸೀಮೆಯನ್ನೂ ಬಡಿದಿತ್ತು. ಅವರು ಅಲ್ಲಿಯ ಹಳೆಯ ದಾಖಲೆ ಹುಡುಕಹೊರಟರೆ, 1880ರ ದಶಕದ ನಡುವಿನವರೆಗೆ ಆ ಜಿಲ್ಲೆಯ ಹೆಸರೇ ಕಲಾದಗಿ ಎಂದು ತಿಳಿಯಿತು. 1884ರ ಗ್ಯಾಸೆಟಿಯರ್ ತೆಗೆದರೆ ಅದರಲ್ಲಿ ನೇಗಿಲೆಷ್ಟು, ಬಂಡಿಯೆಷ್ಟು, ಎತ್ತೆಷ್ಟು ಎಲ್ಲ ಇದೆ. ‘ನಮ್ಮ ಎತ್ತಿನ ಲೆಕ್ಕ ಐತಿ, ಹಿಂದ ನಡದಾಂವಂದು ಇಲ್ಲ’ ಎಂದು ಗೌಡರು ಲೈಬ್ರರಿಯಲ್ಲೇ ಗಟ್ಟಿಯಾಗಿ ಅಂದು, ಸುಮ್ಮನಿರಿ ಅನ್ನಿಸಿಕೊಂಡರು.

ಗೋರಾಗಳ ಕಥೆ ಹೀಗಲ್ಲ. ಬೆಳಗಾವಿಯ ದಂಡಿನಲ್ಲಿ ಹುಟ್ಟಿದ ಬಿಳಿ ಸಿಪಾಯಿಯ ಕೂಸಿನ ಜ್ಞಾನಸ್ನಾನ, ಅದರಪ್ಪನ ಮದುವೆ, ಅಜ್ಜಿಯ ಸಮಾಧಿ ಎಲ್ಲವನ್ನೂ ಪಾದ್ರಿ ಬರೆದು, ಪ್ರತಿಯನ್ನು ಲಂಡನ್ನಿಗೆ ಕಳಿಸುತ್ತಿದ್ದ. ಇವತ್ತಿಗೂ ಅವು ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರ. ಇನ್ನು ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗ ಗೌಡರು ಹೊಟ್ಟೆಗೆ ಬೆಂಕಿ ಹಚ್ಚಿಕೊಂಡೇ ಬಂದರು. ಅಲ್ಲಿ 1950ರ ಜನಗಣತಿ 2022ರ ಏಪ್ರಿಲ್ 1ರಂದು ಬಯಲಾಗಿದೆ, ಅದೂ ಪುಕ್ಕಟೆ. ಸೊಸೆ ಚಹಾ ಸೋಸಿ ತರುವುದರೊಳಗೆ ಅದೇ ಬೀದಿಯಲ್ಲಿ ಆಗ ವಾಸವಿದ್ದ ಬಡಗಿಯ ಹೆಸರು, ವಯಸ್ಸು, ಹೆಂಡತಿ ಮಕ್ಕಳು ಎಲ್ಲ ಪರದೆಯ ಮೇಲೆ ಬಂದರು. ಸಂಬಂಧವಿಲ್ಲದ ಬಡಗಿಯ ವಂಶಾವಳಿಯನ್ನು ಗೌಡರು ಪೂರ್ತಿ ಬರೆದುಕೊಂಡು ಬಂದಿದ್ದಾರೆ. ಚಟ.

ಅವರಿಗಿರುವ ಒಂದೇ ಸಮಾಧಾನ ಇಂಗ್ಲೆಂಡಿನದು. ಅಲ್ಲಿ 1931ರ ಗಣತಿಯ ಹಾಳೆಗಳೆಲ್ಲ 1942ರ ಡಿಸೆಂಬರಿನಲ್ಲಿ ಗೋದಾಮಿಗೆ ಬೆಂಕಿ ಬಿದ್ದು ಸುಟ್ಟುಹೋದವು, 1941ರದ್ದು ಯುದ್ಧದಿಂದಾಗಿ ನಡೆಯಲೇ ಇಲ್ಲ. 1951ರದ್ದು ನೋಡಬೇಕಾದರೆ 2052ರವರೆಗೆ ಬದುಕಿರಬೇಕು. ಇದನ್ನು ಹೇಳುವಾಗ ಗೌಡರ ಮುಖದಲ್ಲಿ ಬರುವ ಕಳೆಯನ್ನು ಸಭ್ಯತೆ ಎನ್ನಲಾಗದು.

ಜನಗಣತಿ ಕೈಕೊಟ್ಟ ಮೇಲೆ ಉಳಿದದ್ದು ತಾಲ್ಲೂಕು ಕಚೇರಿ. ಅಲ್ಲಿ ಬಾಯ್ತೆರೆದು ‘ವಂಶವೃಕ್ಷ’ ಎಂದರೆ ಸಾಕು, ಕೂತವರೆಲ್ಲ ತಲೆಯೆತ್ತುತ್ತಾರೆ. ಕರ್ನಾಟಕದಲ್ಲಿ ವಂಶವೃಕ್ಷವೆಂದರೆ ಆಸ್ತಿ ಪಾಲಿಗೆ ಬೇಕಾಗುವ ಪ್ರಮಾಣಪತ್ರ.

‘ಯಾರ ಮ್ಯಾಲ ದಾವಾ ಹಾಕೀರಿ, ಗೌಡ್ರ?’

‘ದಾವಾ ಇಲ್ಲೋ ತಮ್ಮಾ. ಮುತ್ತಜ್ಜ ಯಾವಾಗ ಸತ್ತಾ ಅಂತ ಗೊತ್ತಾಗಬೇಕು.’

‘ಎಷ್ಟ ಎಕರೆ?’

‘ಎಕರೆ ಗಿಕರೆ ಇಲ್ಲ. ಹಂಗ ಸುಮ್ಮನ.’

‘ಹಂಗ ಸುಮ್ಮನ’ ಎನ್ನುವುದಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಕ್ಲಾರ್ಕು ಗೌಡರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಬಹಳ ಆಳದ ಆಸಾಮಿ ಎಂದುಕೊಂಡ. ಸುದ್ದಿ ಬಸ್ಸಿಗಿಂತ ಮೊದಲೇ ಊರು ಮುಟ್ಟಿತು. ಸಂಜೆಯೊಳಗೆ ದೊಡ್ಡಪ್ಪನ ಮಕ್ಕಳು ಫೋನ್ ಮಾಡಿ, ಎರೆಹೊಲ 1970ರಲ್ಲೇ ವಾಟ್ನಿಯಾಗಿದೆ ಎಂದು ನೆನಪಿಸಿದರು. ಮುತ್ತಜ್ಜನ ಹೆಸರು ಸಿಗಲಿಲ್ಲ, ಇದ್ದ ನೆಂಟಸ್ತಿಕೆಯೂ ಅರ್ಧಕ್ಕಿಳಿಯಿತು.

ಹಳೆಯ ವಾರಸಾ ನೋಂದಿನ ಪುಸ್ತಕ ಕಡೆಗೂ ಕಣ್ಣಿಗೆ ಬಿತ್ತು. ಕೆಂಪು ಅರಿವೆಯಲ್ಲಿ ಕಟ್ಟಿದ ದಫ್ತರ, ಅಂಚು ಗೆದ್ದಲಿನದು, ನಡುವೆ ಮಾತ್ರ ಸರ್ಕಾರದ್ದು. ತೆರೆದರೆ ಮೋಡಿ ಲಿಪಿ! ಊರು 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಕುಲಕರ್ಣಿ ಕೈಯೆತ್ತದೆ ಮರಾಠಿಯಲ್ಲಿ ಗೀಚಿದ್ದ. ಅಕ್ಷರಗಳೆಲ್ಲ ಒಂದರ ಬಾಲ ಒಂದು ಹಿಡಿದು ನಡೆದಿವೆ. ಓದಬಲ್ಲವರನ್ನು ಹುಡುಕಿ ತಂದು ಓದಿಸಿದರೆ, ಅದು ಪಕ್ಕದ ಮನೆಯವರ ಬದುವಿನ ಜಗಳ.

ಮರಣದ ರಿಜಿಸ್ಟರಿನದು ಇನ್ನೊಂದು ಸೊಗಸು. ಮುತ್ತಜ್ಜ ಹೇಗೆ ಸತ್ತ ಎಂಬುದರಲ್ಲಿ ಮನೆತನ ಎರಡು ಪಕ್ಷವಾಗಿದೆ. ಕುದುರೆಯಿಂದ ಬಿದ್ದು ಎಂದು ದೊಡ್ಡಪ್ಪನ ಕಡೆಯವರು, 1918ರ ಇನ್‌ಫ್ಲುಯೆಂಜಾದಿಂದ ಎಂದು ಗೌಡರು. ಜನನ ಮರಣ ನೋಂದಣಿ ಕಾಯ್ದೆ 1969ರ 17ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ರಿಜಿಸ್ಟರು ಹುಡುಕಿಸಬಹುದು, ಪ್ರಮಾಣಪತ್ರವನ್ನೂ ಪಡೆಯಬಹುದು. ಆದರೆ ಅದೇ ಕಲಮಿನ ಬಾಲದಲ್ಲಿ ಹೇಳಿದೆ: ಸಾವಿನ ಕಾರಣವನ್ನು ಮಾತ್ರ ಅದರಲ್ಲಿ ತಿಳಿಸಕೂಡದು. ಗುಮಾಸ್ತ ನಿಯಮ ಬಲ್ಲವನು. ಪುಟದ ಮೇಲೆ ಹೆಬ್ಬೆರಳಿಟ್ಟು, ಆ ಒಂದು ಕಾಲಂ ಮುಚ್ಚಿಕೊಂಡು, ಉಳಿದದ್ದನ್ನೆಲ್ಲ ಓದಿ ಹೇಳಿದ. ಸತ್ತವರಿಗೂ ಗೋಪ್ಯತೆ ಬೇಕು ಸರಿ, ಆದರೆ ನೂರು ವರ್ಷದ ಹಿಂದಿನ ಜ್ವರ ಯಾರ ಮಾನ ಕಳೆದೀತು? ಅಷ್ಟಕ್ಕೂ ಅದು ಬೇರೆ ಬಸಪ್ಪನ ಪುಟವಾಗಿತ್ತು.

ಗೌಡರು ಮಾಹಿತಿ ಹಕ್ಕಿಗೆ ಹೋದರು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು ಎಂದು ಕರ್ನಾಟಕದ ನಿಯಮ. ಆರು ತಲೆಮಾರು, ಎರಡು ದತ್ತಕ, ಒಂದು ಓಡಿಹೋದ ಚಿಕ್ಕಜ್ಜ ಇವೆಲ್ಲವನ್ನೂ 150 ಪದಕ್ಕೆ ಇಳಿಸಲು ಅವರು ಪಟ್ಟ ಪಾಡನ್ನು ಕಂಡಿದ್ದರೆ ಯಾವ ಕಥೆಗಾರನಾದರೂ ಕಲಿಯುವುದಿತ್ತು. ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ ಬಹುತೇಕ ನಿರ್ಬಂಧ ಅನ್ವಯಿಸುವುದಿಲ್ಲ ಎನ್ನುವ 8(3)ನೇ ಕಲಮನ್ನೂ ಕೆಂಪು ಶಾಯಿಯಲ್ಲಿ ಕಾಣಿಸಿದ್ದರು. ಉತ್ತರ ಬಂತು, ಅವಧಿಯೊಳಗೇ ಬಂತು: ‘ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’ ಇಲ್ಲದ್ದಕ್ಕೆ ಯಾವ ಕಲಮೂ ಬೇಕಿಲ್ಲ.

ಕೊನೆಗೆ ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವ ಬಂದ. ಉತ್ತರ ಕರ್ನಾಟಕದ ಒಕ್ಕಲುಮನೆಗಳ ವಂಶವನ್ನು ತಲೆಮಾರುಗಳಿಂದ ಬರೆದಿಟ್ಟು, ಮನೆಯ ಮುಂದೆ ನಿಂತು ಹಾಡಿ, ಕಾಳು ಕಡಿ ಪಡೆದು ಹೋಗುವ ಜನ ಇವರು. ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು. ಈತ ಬಂದದ್ದು ಮೋಟಾರ್ ಸೈಕಲ್ ಮೇಲೆ. ಪುಸ್ತಕ ಬಿಚ್ಚಿ, ಒಂದೇ ಉಸಿರಿಗೆ ಆರು ಬಸಪ್ಪ, ಐದು ಮಲ್ಲಪ್ಪ, ಮೂಲಪುರುಷ ಯಾವ ಊರು ಬಿಟ್ಟು ಬಂದ ಎನ್ನುವುದನ್ನೂ ಹೇಳಿಬಿಟ್ಟ. ಗುರುತಿನ ಚೀಟಿ ಕೇಳಲಿಲ್ಲ, ಎಷ್ಟು ಎಕರೆ ಎನ್ನಲಿಲ್ಲ. ಒಂದು ಚೀಲ ಜೋಳ ಕೇಳಿದ, ಅಷ್ಟೇ.

ಗೌಡರು ಬ್ಯಾಂಕಿನವರಲ್ಲವೇ, ಆಡಿಟ್ ಶುರುಮಾಡಿದರು. ಇಸವಿ ಎಲ್ಲಿ? ಮುತ್ತಜ್ಜನ ಅಕ್ಕತಂಗಿಯರ ಹೆಸರೆಲ್ಲಿ? ಹೆಳವ ಪುಸ್ತಕದಿಂದ ತಲೆಯೆತ್ತಿ, ‘ಹೆಣ್ಣಮಕ್ಕಳು ಕೊಟ್ಟ ಮನಿ ಪುಸ್ತಕದಾಗ ಇರ್ತಾರ್ರೀ’ ಎಂದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೌಡತಿ, ‘ಹಂಗಾರ ಈ ಪುಸ್ತಕದಾಗ ನಾ ಅದೀನೇನು?’ ಎಂದರು. ಹೆಳವ ಹಾಳೆ ತಿರುವಿದ. ಗೌಡರ ಹೆಸರಿತ್ತು, ಮಗನದಿತ್ತು. ಜೋಳದ ಚೀಲ ಸ್ವಲ್ಪ ಹೊತ್ತು ಒಳಗೇ ಉಳಿಯಿತು.

ಈಗ 2027ರ ಜನಗಣತಿಯ ಸರದಿ. ಮುಂದಿನವರಾದರೂ ತಮ್ಮಂತೆ ಅಲೆಯದಿರಲಿ ಎಂದು ಗೌಡರು ಗಣತಿದಾರರಿಗಾಗಿಯೇ ಆರು ತಲೆಮಾರಿನ ಚಾರ್ಟು ಮಾಡಿಸಿ, ಲ್ಯಾಮಿನೇಷನ್ನು ಹಾಕಿಸಿ ಇಟ್ಟಿದ್ದಾರೆ. ಈ ಸಲ ಗೌಡತಿಯ ಹೆಸರೂ ಇದೆ, ಆಕೆಯೇ ನಿಂತು ಬರೆಸಿದ್ದು. ಮನೆಪಟ್ಟಿಯ 33 ಪ್ರಶ್ನೆಗಳು ಪತ್ರಿಕೆಯಲ್ಲಿ ಬಂದ ದಿನ ಕನ್ನಡಕ ಒರೆಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ನೆಲ ಯಾವುದು, ಚಾವಣಿ ಯಾವುದು, ಟೀವಿ ಉಂಟೇ, ಇಂಟರ್ನೆಟ್ ಉಂಟೇ? ಅಜ್ಜನ ಪ್ರಶ್ನೆ ಎಲ್ಲೂ ಇಲ್ಲ. ಆದರೆ ಮನೆಯಲ್ಲಿ ಮುಖ್ಯವಾಗಿ ಉಣ್ಣುವ ಧಾನ್ಯ ಯಾವುದು ಎಂದು ಕೇಳಿದ್ದಾರೆ.

‘ಜ್ವಾಳಾ ಅಂತ ಬರೀರಿ’ ಎಂದರು ಗೌಡತಿ, ‘ಅದಕ್ಕರ ದಾಖಲಿ ಐತಿ.’